ಶಾಲೆಯಿಲ್ಲದ ಸೇವಾಶಿಕ್ಷಣ: ಸುರಪುರದ ಮೆಡೋಸ್ ಟೇಲರನ ಬದುಕು

ಭಾರತದಲ್ಲಿ ಸಮಾಜಕಾರ್ಯವು ವೃತ್ತಿಶಿಕ್ಷಣದ ರೂಪ ಪಡೆದದ್ದು 1936ರಲ್ಲಿ, ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಸ್ಥಾಪನೆಯಾದಾಗ. ತರಗತಿಯ ಪಾಠದಷ್ಟೇ ಕ್ಷೇತ್ರಕಾರ್ಯವೂ ಮುಖ್ಯವೆಂಬುದು ಈ ಶಿಕ್ಷಣದ ಮೂಲ ನಂಬಿಕೆ. ಇಂದು ಯಾದಗಿರಿ ತಾಲ್ಲೂಕಿನ ಬಳಿಚಕ್ರದಂತಹ ಊರಿಗೆ ಕ್ಷೇತ್ರಕಾರ್ಯಕ್ಕೆಂದು ಬರುವ ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿಯ ಹಿಂದೆ ಪಠ್ಯಕ್ರಮವಿರುತ್ತದೆ, ಮೇಲ್ವಿಚಾರಕ ಅಧ್ಯಾಪಕರಿರುತ್ತಾರೆ, ವಾರವಾರ ಬರೆದೊಪ್ಪಿಸಬೇಕಾದ ವರದಿಯಿರುತ್ತದೆ. ಇವಾವುವೂ ಇಲ್ಲದ ಕಾಲದಲ್ಲಿ ಜನರ ನಡುವೆ ಕೆಲಸ ಮಾಡಬೇಕಾಗಿ ಬಂದವರು ಅದನ್ನು ಎಲ್ಲಿ ಕಲಿತರು, ಯಾರಿಂದ ಕಲಿತರು, ತಾವು ಕಲಿತದ್ದನ್ನು ಯಾರಿಗೆ ಕಲಿಸಿದರು ಎಂಬ ಪ್ರಶ್ನೆಯನ್ನು ನಮ್ಮ ಭಾಗದ ಚರಿತ್ರೆಗೆ ಕೇಳಿದಾಗ ಮೊದಲು ಎದುರಾಗುವ ಹೆಸರು ಫಿಲಿಪ್ ಮೆಡೋಸ್ ಟೇಲರ್ (1808-1876).

ಟೇಲರನನ್ನು ಸಮಾಜಕಾರ್ಯಕರ್ತನೆಂದು ಕರೆಯುವುದು ಈ ಲೇಖನದ ಉದ್ದೇಶವಲ್ಲ. ಅವನು ಆಡಳಿತಗಾರ, ವಸಾಹತುಶಾಹಿ ವ್ಯವಸ್ಥೆಯ ಒಂದು ಅಂಗ. ಅವನನ್ನು ಕುರಿತು ನಮಗೆ ದೊರೆಯುವ ವಿವರಗಳಲ್ಲಿ ಬಹುಪಾಲು ಅವನದೇ ಆತ್ಮಕಥೆಯಿಂದ ಬಂದವು ಎಂಬುದನ್ನೂ ಮರೆಯುವಂತಿಲ್ಲ. ತನ್ನ ಕೆಲಸದ ಯಶಸ್ಸನ್ನು ತಾನೇ ಹೇಳುವ ಅಧಿಕಾರಿಯ ಮಾತನ್ನು ಎಷ್ಟು ಎಚ್ಚರದಿಂದ ಓದಬೇಕೋ ಅಷ್ಟು ಎಚ್ಚರದಿಂದಲೇ ಅದನ್ನು ಓದಬೇಕು. ಆದರೂ ಕೃಷ್ಣಾ-ಭೀಮೆಯರ ನಡುವಣ ಈ ನೆಲದಲ್ಲಿ ಸುಮಾರು ಹನ್ನೊಂದು ವರ್ಷ ಕೆರೆ, ರಸ್ತೆ, ಶಾಲೆ, ನ್ಯಾಯ, ಲೆಕ್ಕಗಳನ್ನೆಲ್ಲ ಒಬ್ಬನೇ ನೋಡಿಕೊಂಡವನ ಕಲಿಕೆಯ ಕಥೆ ಪರಿಶೀಲನೆಗೆ ಯೋಗ್ಯವಾದುದು. ಆ ಕಲಿಕೆ ಎಲ್ಲಿ ಸೋತಿತು ಎಂಬುದಂತೂ ಇನ್ನೂ ಯೋಗ್ಯವಾದುದು.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. ತಂದೆ ವ್ಯಾಪಾರಿ. ವ್ಯಾಪಾರ ಕುಸಿದುದರಿಂದ ಹುಡುಗನ ಶಾಲೆ ಬೇಗನೆ ನಿಂತಿತು. ಹದಿನೈದನೆಯ ವಯಸ್ಸಿನಲ್ಲಿ, 1824ರಲ್ಲಿ, ಅವನನ್ನು ಬ್ಯಾಕ್ಸ್‌ಟರ್ ಎಂಬ ವರ್ತಕನ ಬಳಿ ಕೆಲಸ ಕಲಿಯಲೆಂದು ಮುಂಬಯಿಗೆ ಕಳುಹಿಸಲಾಯಿತು. ಮುಂದೆ ಪಾಲುದಾರನಾಗುವ ಆಸೆ ತೋರಿಸಲಾಗಿತ್ತು. ಬಂದು ನೋಡಿದರೆ ಆ ವ್ಯಾಪಾರವೂ ಮುಳುಗುವ ಸ್ಥಿತಿಯಲ್ಲಿತ್ತು. ಮುಂಬಯಿ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನ್ಯೂನ್‌ಹ್ಯಾಮ್ ಎಂಬ ಬಂಧುವಿನ ನೆರವಿನಿಂದ ಅದೇ ವರ್ಷದ ಕೊನೆಗೆ ಹುಡುಗನಿಗೆ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಒಂದು ಅಧಿಕಾರಿ ಹುದ್ದೆ ದೊರೆಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಈಸ್ಟ್ ಇಂಡಿಯಾ ಕಂಪನಿ ತನ್ನ ಸಿವಿಲ್ ಅಧಿಕಾರಿಗಳ ತರಬೇತಿಗೆ ಆ ಹೊತ್ತಿಗಾಗಲೇ ವ್ಯವಸ್ಥೆ ಮಾಡಿಕೊಂಡಿತ್ತು. ಕಲ್ಕತ್ತೆಯಲ್ಲಿ 1800ರಲ್ಲಿ ಫೋರ್ಟ್ ವಿಲಿಯಂ ಕಾಲೇಜು, ಇಂಗ್ಲೆಂಡಿನಲ್ಲಿ 1806ರಲ್ಲಿ ಹೇಲಿಬರಿ ಕಾಲೇಜು, ಮದ್ರಾಸಿನಲ್ಲಿ 1812ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಹುಟ್ಟಿಕೊಂಡವು. ಮದ್ರಾಸಿನ ಕಾಲೇಜಿನಲ್ಲಿ ತಮಿಳು, ತೆಲುಗುಗಳೊಡನೆ ಕನ್ನಡವನ್ನೂ ಕಲಿಸುತ್ತಿದ್ದರು. ಕನ್ನಡ ವ್ಯಾಕರಣ, ನಿಘಂಟುಗಳ ಆಧುನಿಕ ಚರಿತ್ರೆಯಲ್ಲಿ ಅದಕ್ಕೆ ಸ್ಥಾನವಿದೆ. ಈ ಬಾಗಿಲುಗಳಲ್ಲಿ ಯಾವುದೂ ಟೇಲರನಿಗೆ ತೆರೆದಿರಲಿಲ್ಲ. ಅವನು ಕಂಪನಿಯ ನೌಕರನಲ್ಲ, ನಿಜಾಮನ ನೌಕರ. ಮುಂದೆ ಎಷ್ಟೇ ದೊಡ್ಡ ಹೊಣೆ ಹೊತ್ತರೂ ಕಂಪನಿಯ ಸಾಂಪ್ರದಾಯಿಕ ಅಧಿಕಾರಿವರ್ಗದ ಹೊರಗಿನವನಾಗಿಯೇ ಉಳಿದನು. ಕಲಿಯುವ ಅವಕಾಶ ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬುದು ಯೋಗ್ಯತೆಯಿಂದಲ್ಲ, ಯಾರ ಸಂಬಳ ಉಣ್ಣುತ್ತಾರೆ ಎಂಬುದರಿಂದ ತೀರ್ಮಾನವಾಗುತ್ತಿತ್ತು.

ಹೀಗಾಗಿ ಅವನ ಗುರುಗಳು ಮುನ್ಷಿಗಳು, ಕಚೇರಿಯ ಕಾರಕೂನರು ಮತ್ತು ದೂರು ಹೊತ್ತು ಬಂದ ರೈತರು. ಹಿಂದೂಸ್ತಾನಿಯನ್ನು ಮೊದಲು ಕಲಿತನು; ಪಾರ್ಸಿ, ಮರಾಠಿಗಳನ್ನು ಅನಂತರ. ಇನ್ನೂ ಇಪ್ಪತ್ತು ತುಂಬುವ ಮೊದಲೇ ನಿಜಾಮನ ರಾಜ್ಯದ ನೈಋತ್ಯ ಜಿಲ್ಲೆಗಳಲ್ಲಿ ಪೊಲೀಸ್ ಅಧಿಕಾರಿಯಾಗಿ ನೇಮಕಗೊಂಡು ಊರೂರು ತಿರುಗಿದನು. ಈ ಕಾಲದ ಒಂದು ಪ್ರಸಂಗವನ್ನು ಅವನು ವಿನೋದದಿಂದ ನೆನೆಯುತ್ತಾನೆ. ಹಿಟ್ಟಿನಲ್ಲಿ ಮರಳು ಬೆರೆಸಿ ಯಾತ್ರಿಕರಿಗೆ ಮಾರುತ್ತಿದ್ದ ವರ್ತಕರ ಮೇಲೆ ದೂರು ಬಂದಾಗ, ಅವರವರ ಹಿಟ್ಟನ್ನು ಅವರವರೇ ತಿನ್ನುವಂತೆ ಆಜ್ಞೆ ಮಾಡಿದನಂತೆ. ಕಲಬೆರಕೆ ನಿಂತಿತು, ಹುಡುಗ ಸಾಹೇಬನ ಹೆಸರು ಸುತ್ತ ಹಬ್ಬಿತು. ಇದು ನ್ಯಾಯವೋ ಹುಡುಗಾಟವೋ ಎಂದು ಇಂದಿನ ಓದುಗ ಕೇಳಬಹುದು. ಕಾನೂನಿನ ತರಬೇತಿಯಿಲ್ಲದವನ ಕೈಗೆ ನ್ಯಾಯದಾನದ ಅಧಿಕಾರ ಬಂದಾಗ ಆಗುವುದು ಹೀಗೆಯೇ; ಒಮ್ಮೊಮ್ಮೆ ಫಲ ಒಳ್ಳೆಯದಾಗಿರುತ್ತದೆ, ಅಷ್ಟೆ.

ಅದೇ ಪ್ರದೇಶದಲ್ಲಿ ದಾರಿಹೋಕರನ್ನು ಕೊಲ್ಲುವ ಠಕ್ಕರ ಜಾಲದ ಸುಳಿವು ಅವನಿಗೆ ಹತ್ತಿತ್ತು. ತನಿಖೆ ಪೂರ್ಣಗೊಳ್ಳುವ ಮೊದಲೇ, 1829ರಲ್ಲಿ ಹೈದರಾಬಾದಿನಲ್ಲಿ ಹೊಸ ನಿಜಾಮನು ಪಟ್ಟಕ್ಕೆ ಬಂದು ಜಿಲ್ಲೆಗಳಿಂದ ಇಂಗ್ಲಿಷ್ ಅಧಿಕಾರಿಗಳನ್ನು ಹಿಂದಕ್ಕೆ ಕರೆಸಿಕೊಂಡದ್ದರಿಂದ, ಟೇಲರ್ ಸೈನ್ಯಕ್ಕೆ ಮರಳಬೇಕಾಯಿತು. ಠಕ್ಕರನ್ನು ಬಯಲಿಗೆಳೆದ ಕೀರ್ತಿ ಸ್ಲೀಮನ್‌ಗೆ ಹೋಯಿತು. ಆದರೆ ಮುಂದೆ ಸೆರೆ ಸಿಕ್ಕ ಠಕ್ಕರ ಹೇಳಿಕೆಗಳನ್ನು ತಾನೇ ಕೇಳಿ ಬರೆದುಕೊಂಡ ಅನುಭವದಿಂದ 1839ರಲ್ಲಿ ಪ್ರಕಟವಾದ ಅವನ ಪ್ರಸಿದ್ಧ ಕಾದಂಬರಿ ‘ಕನ್ಫೆಷನ್ಸ್ ಆಫ್ ಎ ಠಗ್’ ಹುಟ್ಟಿತು. ಅಪರಾಧಿಯ ಬಾಯಿಂದಲೇ ಅವನ ಬದುಕಿನ ಕಥೆ ಹೇಳಿಸುವ ಆ ಕ್ರಮ ಇಂದಿನ ಸಮಾಜಕಾರ್ಯದಲ್ಲಿ ವ್ಯಕ್ತಿ ಅಧ್ಯಯನವೆಂದು ಕರೆಸಿಕೊಳ್ಳುವುದಕ್ಕೆ ತೀರ ದೂರದ್ದಲ್ಲ. ಈ ನಡುವೆ 1832ರಲ್ಲಿ ಹೈದರಾಬಾದಿನ ಪಾಮರ್ ಮನೆತನದ ಮೇರಿಯನ್ನು ಅವನು ಮದುವೆಯಾದನು. ಜ್ವರದಿಂದ ಬಳಲಿ ಕೆಲಕಾಲ ಇಂಗ್ಲೆಂಡಿಗೆ ಹೋಗಿ ಬಂದನು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ 1840ರಿಂದ 1853ರವರೆಗೆ ಬಾತ್ಮೀದಾರನಾಗಿದ್ದನು.

ಸುರಪುರಕ್ಕೆ ಟೇಲರ್ ಬಂದ ಸಂದರ್ಭ ಸುಲಭದ್ದಾಗಿರಲಿಲ್ಲ. ಔರಂಗಜೇಬನ ಸೈನ್ಯವನ್ನೇ ಎದುರಿಸಿ ನಿಂತ ಬೇಡ ನಾಯಕರ ಸಂಸ್ಥಾನವದು. ಹತ್ತೊಂಬತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ನಿಜಾಮನಿಗೆ ಸಲ್ಲಬೇಕಾದ ಕಪ್ಪದ ಬಾಕಿ ಬೆಳೆದು ಅದು ಸಾಲದಲ್ಲಿ ಮುಳುಗಿತ್ತು. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಏಳೆಂಟು ವರ್ಷದ ಬಾಲಕ. ರಾಜ್ಯಭಾರ ಯಾರ ಕೈಯಲ್ಲಿರಬೇಕೆಂದು ರಾಣಿ ಈಶ್ವರಮ್ಮನಿಗೂ ಬಾಲಕನ ಚಿಕ್ಕಪ್ಪ ಪಿಡ್ಡ ನಾಯಕನಿಗೂ ತೀವ್ರ ವಿವಾದವಿತ್ತು. ಶಸ್ತ್ರ ಹಿಡಿದ ಸಾವಿರಾರು ಬೇಡರು ಒಂದಲ್ಲ ಒಂದು ಕಡೆ ಸೇರಿದ್ದರು. ಇಂತಹ ಸ್ಥಿತಿಯಲ್ಲಿ, 1840ರ ದಶಕದ ಆರಂಭದಲ್ಲಿ, ಸಂಸ್ಥಾನದ ಮೇಲ್ವಿಚಾರಣೆಯನ್ನು ಅವನಿಗೆ ವಹಿಸಲಾಯಿತು. ಜೊತೆಗಿದ್ದ ಸೈನ್ಯ ಅಲ್ಪ. ಯುದ್ಧವಿಲ್ಲದೆ ವಿವಾದ ಬಗೆಹರಿದದ್ದನ್ನು ಅವನು ತನ್ನ ಬಾಳಿನ ಮುಖ್ಯ ಸಾಧನೆಗಳಲ್ಲಿ ಒಂದೆಂದು ಎಣಿಸಿದನು. ಎರಡೂ ಪಕ್ಷಗಳ ಮಾತನ್ನು ದಿನಗಟ್ಟಲೆ ಕುಳಿತು ಕೇಳುವ ತಾಳ್ಮೆ ಅವನಿಗಿತ್ತು. ಅದನ್ನು ಯಾವ ಕಾಲೇಜೂ ಕಲಿಸಿರಲಿಲ್ಲ.

ಅಲ್ಲಿಂದ ಮುಂದಿನ ವರ್ಷಗಳಲ್ಲಿ ಅವನು ಕಲಿತ ವಿದ್ಯೆಗಳ ಪಟ್ಟಿ ಆಶ್ಚರ್ಯ ಹುಟ್ಟಿಸುತ್ತದೆ. ಭೂಮಿಯ ಅಳತೆ, ಕಟ್ಟಡ ಮತ್ತು ನೀರಾವರಿಯ ಎಂಜಿನಿಯರಿಂಗ್, ಹಿಂದೂ ಹಾಗೂ ಇಸ್ಲಾಮೀ ನ್ಯಾಯಶಾಸ್ತ್ರ, ಇಂಗ್ಲಿಷ್ ಕಾನೂನು, ಸಸ್ಯಶಾಸ್ತ್ರ, ಭೂವಿಜ್ಞಾನ: ಇವನ್ನೆಲ್ಲ ಪುಸ್ತಕ ತರಿಸಿಕೊಂಡು, ಕೆಲಸ ಬಂದಾಗ ಕೆಲಸದಲ್ಲಿಯೇ ಕಲಿತನು. ಅಗತ್ಯ ಮೊದಲು, ಕಲಿಕೆ ಅನಂತರ ಎಂಬುದು ಅವನ ಶಿಕ್ಷಣದ ಕ್ರಮ. ಸುರಪುರದ ಸಮೀಪದ ಬೋನಾಳ ಕೆರೆ ಇದಕ್ಕೆ ಉದಾಹರಣೆ. ಹಳೆಯ ಕೆರೆಯನ್ನು ಗಟ್ಟಿಗೊಳಿಸಿ ದೊಡ್ಡದು ಮಾಡುವ ಕಾರ್ಯವನ್ನು ಎಂಜಿನಿಯರನಲ್ಲದ ಅವನೇ ವಹಿಸಿಕೊಂಡನು. ಮಳೆಯನ್ನೇ ನಂಬಿದ ಎರೆಭೂಮಿಯ ನಾಡಿನಲ್ಲಿ ಒಂದು ಕೆರೆಯ ಅರ್ಥವೇನೆಂಬುದನ್ನು ರೈತರು ಅವನಿಗೆ ತಿಳಿಸಿರಬೇಕು. ಇಂದು ಬೋನಾಳ ಪಕ್ಷಿಧಾಮವೆಂದು ಹೆಸರಾಗಿದೆ. ಹಕ್ಕಿ ನೋಡಲು ಬರುವವರಿಗೆ ಏರಿಯ ಹಿಂದಿನ ಕಥೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ರಸ್ತೆಗಳು, ಶಾಲೆಗಳು, ಸಾಲುಮರಗಳು, ಸಂಸ್ಥಾನದ ಸಾಲ ತೀರಿಸುವ ಕ್ರಮವಾದ ಲೆಕ್ಕಪತ್ರ, ಇವೂ ಅವನ ಕಾಲದವು. ಸುರಪುರದ ಬೆಟ್ಟದ ಮೇಲೆ ಅವನು ಕಟ್ಟಿಸಿಕೊಂಡ ಮನೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಉಳಿದುಕೊಂಡಿದೆ.

ಕಣ್ಣಿಗೆ ಬಿದ್ದುದನ್ನು ಅಳೆದು ಬರೆದಿಡುವ ಅಭ್ಯಾಸ ಅವನನ್ನು ಪ್ರಾಕ್ತನ ಸಂಶೋಧಕನನ್ನಾಗಿಯೂ ಮಾಡಿತು. ರಾಜನಕೋಳೂರಿನ ಕಲ್ಲುಮನೆಗಳನ್ನು ಊರವರು ಗಿಡ್ಡಜನರಾದ ಮೋರಿಯರ ಮನೆಗಳೆಂದು ಕರೆಯುತ್ತಿದ್ದರು. ಟೇಲರ್ ಆ ನಂಬಿಕೆಯನ್ನು ನಗೆಯಾಡದೆ ದಾಖಲಿಸಿದನು. ಜೊತೆಗೆ ಕಲ್ಲುಗಳ ಉದ್ದಗಲ ಅಳೆದು ನಕ್ಷೆ ಬರೆದನು. ಶಹಾಪುರದ ಬಳಿಯ ವಿಭೂತಿಹಳ್ಳಿಯ ಸಾಲುಬಂಡೆಗಳನ್ನು ವಿದ್ವಲ್ಲೋಕದ ಗಮನಕ್ಕೆ ತಂದವನು ಅವನು. ಜೇವರ್ಗಿಯಲ್ಲಿ ಬೃಹತ್ ಶಿಲಾಸಮಾಧಿಗಳನ್ನು ತೆರೆದು, ಮಣ್ಣಿನ ಪದರಗಳನ್ನೂ ಮೂಳೆ ಮತ್ತು ಮಡಕೆಗಳಿದ್ದ ಸ್ಥಾನಗಳನ್ನೂ ಛೇದಚಿತ್ರದಲ್ಲಿ ತೋರಿಸಿದನು. ನೂರು ವರ್ಷಗಳ ನಂತರ ಮಾರ್ಟಿಮರ್ ವ್ಹೀಲರ್ ಈ ಚಿತ್ರಗಳನ್ನು ವಿಶೇಷವಾಗಿ ಮೆಚ್ಚಿಕೊಂಡನು. ಈ ಸಮಾಧಿಗಳನ್ನು ಯೂರೋಪಿನ ಕೆಲ್ಟ್ ಮತ್ತು ಸಿಥಿಯನ್ ಜನರೊಡನೆ ಕೂಡಿಸಿದ ಅವನ ಊಹೆ ಇಂದು ನಿಲ್ಲುವುದಿಲ್ಲ. ದಾಖಲೆ ಮಾತ್ರ ನಿಂತಿದೆ. ಕ್ಷೇತ್ರದಲ್ಲಿ ಕಂಡದ್ದನ್ನೂ ತನ್ನ ಊಹೆಯನ್ನೂ ಬೇರೆಬೇರೆ ಇಡುವ ಶಿಸ್ತು ಯಾವ ಕ್ಷೇತ್ರಕಾರ್ಯಕ್ಕೂ ಮೊದಲ ಪಾಠ. ಟೇಲರನು ಅದನ್ನು ತಾನಾಗಿ ಕಂಡುಕೊಂಡಿದ್ದನು.

ಇಷ್ಟು ಕಲಿತವನು ಕಲಿಸಿದ್ದೇನು? ಸುರಪುರದ ಮಟ್ಟಿಗೆ ಅವನ ಶಿಷ್ಯ ಒಬ್ಬನೇ, ಬಾಲಕ ರಾಜ ವೆಂಕಟಪ್ಪ ನಾಯಕ. ತಂದೆಯನ್ನು ಕಳೆದುಕೊಂಡಿದ್ದ ಹುಡುಗ ಟೇಲರನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ಓದು, ಲೆಕ್ಕ, ಸವಾರಿ, ರಾಜ್ಯದ ವ್ಯವಹಾರ ಎಲ್ಲಕ್ಕೂ ಟೇಲರ್ ಏರ್ಪಾಡು ಮಾಡಿದನು. ಆದರೆ ಅರಮನೆಯೊಳಗಿನ ಪರಿಸರದ ಮೇಲೆ ಅವನ ಹಿಡಿತ ಪೂರ್ಣವಾಗಿರಲಿಲ್ಲ. ರಾಣಿಗೂ ಅವನಿಗೂ ನಡುವೆ ಅಪನಂಬಿಕೆ ಬೆಳೆಯಿತು. ಹುಡುಗ ಎರಡು ಅಧಿಕಾರಗಳ ನಡುವೆ ಬೆಳೆದನು. ತನಗೆ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಕಂಟಕವಿದೆಯೆಂದು ಜಾತಕ ಹೇಳಿದ್ದ ಮಗನ ಬಗ್ಗೆ ತಾಯಿಗಿದ್ದ ಭಯವನ್ನು ಟೇಲರ್ ತನ್ನ ಕಥೆಯಲ್ಲಿ ವಿಸ್ತಾರವಾಗಿ ಬರೆದಿದ್ದಾನೆ. ಮುಂದೆ ನಡೆದುದನ್ನು ತಿಳಿದ ಮೇಲೆ ಬರೆದ ಭಾಗವದು. ಕಾದಂಬರಿಕಾರನ ಕೈ ಅಲ್ಲಿ ಕಾಣದೆ ಇರುವುದಿಲ್ಲ.

1853ರಲ್ಲಿ ರಾಜನಿಗೆ ಪೂರ್ಣಾಧಿಕಾರ ಒಪ್ಪಿಸಿ ಟೇಲರ್ ಸುರಪುರ ಬಿಟ್ಟನು. ಸಾಲ ತೀರಿತ್ತು, ಖಜಾನೆ ಸುಸ್ಥಿತಿಯಲ್ಲಿತ್ತು. ಕೆಲವೇ ವರ್ಷಗಳಲ್ಲಿ ಅದೆಲ್ಲ ಕರಗಿತು. ಇದಕ್ಕೆ ಟೇಲರ್ ಕೊಡುವ ಕಾರಣ ರಾಜನ ದುಂದುಗಾರಿಕೆ ಮತ್ತು ಕೆಟ್ಟ ಸಹವಾಸ. ಇದು ಸಾಲದ ವಿವರಣೆ ಎಂದು ಈ ಲೇಖಕನಿಗೆ ಅನ್ನಿಸುತ್ತದೆ. ಹನ್ನೊಂದು ವರ್ಷ ನ್ಯಾಯಾಧೀಶ, ಕಂದಾಯಾಧಿಕಾರಿ, ಎಂಜಿನಿಯರ್, ಪಾಲಕ ಎಲ್ಲವೂ ಒಬ್ಬನೇ ಆಗಿದ್ದಾಗ, ಅವನು ಹೊರಟುಹೋದ ದಿನ ಆ ಎಲ್ಲ ಸ್ಥಾನಗಳೂ ಒಟ್ಟಿಗೆ ಖಾಲಿಯಾದವು. ಹತ್ತೊಂಬತ್ತರ ಆಸುಪಾಸಿನ ತರುಣನ ಸುತ್ತ ತರಬೇತಾದ ಸ್ಥಳೀಯ ಅಧಿಕಾರಿಗಳ ಒಂದು ತಂಡವಿದ್ದಿದ್ದರೆ ಪರಿಸ್ಥಿತಿ ಬೇರೆಯಾಗುತ್ತಿತ್ತೇ? ಬಹುಶಃ ಸ್ವಲ್ಪ ಮಟ್ಟಿಗೆ. ತಾನು ಕಲಿಯುವುದರಲ್ಲಿ ಅಸಾಧಾರಣನಾಗಿದ್ದ ಟೇಲರ್ ಆ ಕಲಿಕೆಯನ್ನು ಹಲವರಿಗೆ ಹಂಚುವ ವ್ಯವಸ್ಥೆಯನ್ನು ಸುರಪುರದಲ್ಲಿ ಕಟ್ಟಲಿಲ್ಲ.

ಹೀಗೆ ಹೇಳಲು ಆಧಾರ ಅವನ ಮುಂದಿನ ಹುದ್ದೆಯಲ್ಲಿಯೇ ಇದೆ. 1853ರ ಒಪ್ಪಂದದಂತೆ ನಿಜಾಮನು ಬೇರಾರ್, ರಾಯಚೂರು ದೋಆಬ್ ಮತ್ತು ನಳದುರ್ಗದ ಸೀಮೆಗಳನ್ನು ಇಂಗ್ಲಿಷರಿಗೆ ವಹಿಸಿಕೊಟ್ಟಾಗ ಟೇಲರ್ ನಳದುರ್ಗ ಜಿಲ್ಲೆಯ ಡೆಪ್ಯುಟಿ ಕಮಿಷನರ್ ಆದನು. ಅಲ್ಲಿ ಜಮೀನಿನ ಅಳತೆ ಆಗಬೇಕಿತ್ತು, ಅಳೆಯಬಲ್ಲವರು ಇರಲಿಲ್ಲ. ಆಗ ಅವನು ಸ್ಥಳೀಯ ತರುಣರನ್ನು ಸೇರಿಸಿ ತಾನು ಪುಸ್ತಕದಿಂದ ಕಲಿತಿದ್ದ ಅಳತೆಯ ವಿದ್ಯೆಯನ್ನು ಅವರಿಗೆ ಕಲಿಸಿ ಕೆಲಸಕ್ಕೆ ಹಚ್ಚಿದನು. ಸುರಪುರದಲ್ಲಿ ಒಬ್ಬ ರಾಜಕುಮಾರನಿಗೆ ಸಿಕ್ಕ ಗಮನ ನಳದುರ್ಗದಲ್ಲಿ ಸಾಮಾನ್ಯರ ಮಕ್ಕಳಿಗೆ ಸಿಕ್ಕಿತು. ಆ ಭಾಗದ ಜನ ಮೆಡೋಸ್ ಎಂಬ ಹೆಸರನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಅವನನ್ನು ಮಹಾದೇವ ಬಾಬಾ ಎಂದು ಕರೆದರು. 1857ರಲ್ಲಿ ಬೇರಾರಿನ ಬುಲ್ಡಾಣಾಕ್ಕೆ ವರ್ಗವಾದಾಗ, ದಂಗೆಯ ನಡುವೆಯೂ ದೊಡ್ಡ ಸೈನ್ಯದ ನೆರವಿಲ್ಲದೆ ಆ ಜಿಲ್ಲೆಯನ್ನು ಶಾಂತವಾಗಿ ಇರಿಸಿಕೊಂಡನು.

ಸುರಪುರ ಶಾಂತವಾಗಿರಲಿಲ್ಲ. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದನು. ಬೇಡರೊಡನೆ ಅರಬರೂ ರೋಹಿಲರೂ ಅವನ ಪಡೆಯಲ್ಲಿದ್ದರು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಇಂಗ್ಲಿಷರ ಹೆಚ್ಚಿನ ಸೈನ್ಯ ಬರುತ್ತಿದ್ದಂತೆ ಸುರಪುರ ಕೈಬಿಟ್ಟಿತು. ರಾಜ ಹೈದರಾಬಾದಿಗೆ ಹೋದನು. ಅಲ್ಲಿ ಸೆರೆಯಾಗಿ ಇಂಗ್ಲಿಷರ ವಶವಾದನು. ಸೆರೆಮನೆಯಲ್ಲಿ ಟೇಲರ್ ಅವನನ್ನು ಕಂಡನು. ದಂಗೆಗೆ ಪ್ರೇರೇಪಿಸಿದವರ ಹೆಸರು ಹೇಳಿದರೆ ಶಿಕ್ಷೆ ಕಡಿಮೆಯಾದೀತೆಂಬ ಸೂಚನೆಯನ್ನು ರಾಜ ಒಪ್ಪಲಿಲ್ಲ. ತಾನು ಬೆಳೆಸಿದ ಹುಡುಗ ತನ್ನವರನ್ನು ಬಿಟ್ಟುಕೊಡದೆ ನಿಂತುದನ್ನು ಟೇಲರ್ ಗೌರವದಿಂದಲೇ ದಾಖಲಿಸುತ್ತಾನೆ. ಆ ದಂಗೆಗೆ ನ್ಯಾಯವಾದ ಕಾರಣವಿದ್ದಿರಬಹುದೆಂದು ಮಾತ್ರ ಅವನಿಗೆ ಹೊಳೆಯುವುದಿಲ್ಲ. ಅವನ ದೃಷ್ಟಿಯ ಎಲ್ಲೆ ಅದು. ಹತ್ತಿರದಿಂದ ಬಲ್ಲ ಮನುಷ್ಯನನ್ನು ಅವನು ಅರ್ಥಮಾಡಿಕೊಳ್ಳಬಲ್ಲ. ಆ ಮನುಷ್ಯನ ನಾಡು ಬಯಸುವ ಸ್ವಾತಂತ್ರ್ಯವನ್ನು ಅರ್ಥಮಾಡಿಕೊಳ್ಳಲಾರ.

ಮರಣದಂಡನೆ ಮೊದಲು ಗಡೀಪಾರಿಗೆ ಇಳಿಯಿತು, ಅನಂತರ ಗವರ್ನರ್ ಜನರಲ್‌ನಿಂದ ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿಯಿತು. ಮದ್ರಾಸಿನ ಸಮೀಪದ ಚೆಂಗಲ್‌ಪಟ್ಟಿನ ಕೋಟೆಗೆ ಕರೆದೊಯ್ಯುತ್ತಿದ್ದಾಗ ದಾರಿಯ ಬಿಡಾರದಲ್ಲಿ ರಾಜ ತೀರಿಕೊಂಡನು. ಕಾವಲು ಅಧಿಕಾರಿಯ ಪಿಸ್ತೂಲಿನಿಂದ ತಾನೇ ಗುಂಡು ಹಾರಿಸಿಕೊಂಡನೆಂಬುದು ಇಂಗ್ಲಿಷರ ದಾಖಲೆ. ಅದನ್ನು ನಂಬದವರು ಸುರಪುರದಲ್ಲಿ ಅಂದೂ ಇದ್ದರು, ಇಂದೂ ಇದ್ದಾರೆ. ನಾಡಿನ ನೆನಪಿನಲ್ಲಿ ವೆಂಕಟಪ್ಪ ನಾಯಕ ಸ್ವಾತಂತ್ರ್ಯವೀರನಾಗಿ ಉಳಿದಿದ್ದಾನೆ. ದುಂದುಗಾರ ಶಿಷ್ಯನಾಗಿ ಅಲ್ಲ.

ಆ ಮೇಲೆ ಟೇಲರನನ್ನೇ ಮತ್ತೆ ಸುರಪುರಕ್ಕೆ ಕಳುಹಿಸಲಾಯಿತು. ರಾಜನಿಲ್ಲದ ಸಂಸ್ಥಾನವನ್ನು ಅವನು ಸುಮಾರು ಎರಡು ವರ್ಷ ನೋಡಿಕೊಂಡನು. ಆರೋಗ್ಯ ಪೂರ್ತಿ ಕೆಟ್ಟು 1860ರಲ್ಲಿ ಭಾರತ ಬಿಟ್ಟನು. ಅದೇ ವರ್ಷ ಸುರಪುರವನ್ನು ನಿಜಾಮನಿಗೆ ಕೊಡಲಾಯಿತು; ನಾಯಕರ ಆಳ್ವಿಕೆ ಮುಗಿಯಿತು.

ಐರ್ಲೆಂಡಿನ ಡಬ್ಲಿನ್ ನಗರದ ಹತ್ತಿರ ನೆಲೆಸಿದ ಟೇಲರ್ ಉಳಿದ ಬಾಳನ್ನು ಬರವಣಿಗೆಗೆ ಕೊಟ್ಟನು. ‘ತಾರಾ’ (1863), ‘ರಾಲ್ಫ್ ಡಾರ್ನೆಲ್’ (1865), ‘ಸೀತಾ’ (1872) ಕಾದಂಬರಿಗಳು ಬಂದವು. ವಿಜಾಪುರದ ಹಾಗೂ ಧಾರವಾಡ-ಮೈಸೂರು ಭಾಗದ ವಾಸ್ತುಶಿಲ್ಪವನ್ನು ಛಾಯಾಚಿತ್ರಗಳೊಡನೆ ಪರಿಚಯಿಸಿದ 1866ರ ಸಂಪುಟಗಳಿಗೆ ಅವನು ಐತಿಹಾಸಿಕ ವಿವರಣೆ ಬರೆದನು. 1870ರಲ್ಲಿ ವಿದ್ಯಾರ್ಥಿಗಳಿಗಾಗಿ ಭಾರತ ಇತಿಹಾಸದ ಕೈಪಿಡಿಯೊಂದನ್ನು ಹೊರತಂದನು; ಶಾಲೆಯನ್ನು ಹದಿನೈದಕ್ಕೇ ಬಿಟ್ಟವನು ಕೊನೆಗೆ ಪಠ್ಯಪುಸ್ತಕಕಾರನೂ ಆದನು. ಚಾಂದಬೀಬಿಯ ಕಾಲವನ್ನು ಕುರಿತ ‘ಎ ನೋಬಲ್ ಕ್ವೀನ್’ ಅವನ ಮರಣಾನಂತರ, 1878ರಲ್ಲಿ, ಪುಸ್ತಕವಾಗಿ ಬಂದಿತು. ಅದರಲ್ಲಿ ಕೃಷ್ಣೆಯ ದಡದ ಬೇಡರ ನಾಡು ಮತ್ತೆ ಕಾಣಿಸಿಕೊಳ್ಳುತ್ತದೆ.

ಕಣ್ಣು ಮಂಜಾಗುತ್ತಿದ್ದರೂ 1875ರಲ್ಲಿ ಅವನು ಇನ್ನೊಮ್ಮೆ ಹೈದರಾಬಾದಿಗೆ ಬಂದನು. ಅಲ್ಲಿ ಜ್ವರ ಹಿಡಿಯಿತು. ಹಿಂದಿರುಗುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂಟನ್ ಎಂಬಲ್ಲಿ ತೀರಿಕೊಂಡನು. ಬರೆದಿಟ್ಟಿದ್ದ ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಪ್ರಕಟಿಸಿದಳು. ಅದರ ಪುಟಗಳಲ್ಲಿ ಬೇರೆ ಯಾವ ಊರಿಗಿಂತ ಹೆಚ್ಚಿನ ಜಾಗ ಸುರಪುರಕ್ಕೆ ಸಂದಿದೆ.